ನಿಮ್ಮದು ಹಳ್ಳಿನಾ, ಪಟ್ಟಣಾನಾ? ಬೀದರ್ ಜಿಲ್ಲೆಯ ಲೆಕ್ಕ ನೋಡಿ

ಬೀದರ್–ಔರಾದ್ ರಸ್ತೆಯ ಜನವಾಡ ಹೋಬಳಿ ಕೇಂದ್ರ. ಪೊಲೀಸ್ ಠಾಣೆ ಇದೆ, ದಿನವಿಡೀ ಬಸ್ಸು ಓಡಾಡ್ತವೆ. ಆದರೂ ಸರ್ಕಾರದ ಕಡತದಲ್ಲಿ ಅದು ಗ್ರಾಮ ಪಂಚಾಯಿತಿ, ಅಂದರೆ ಹಳ್ಳಿ. ಇದನ್ನು ತೀರ್ಮಾನಿಸೋದು ಯಾರು?

ಮೊದಲು ದೊಡ್ಡ ಚಿತ್ರ. 2011ರ ಜನಗಣತಿ ಪ್ರಕಾರ ಕರ್ನಾಟಕದ 6.11 ಕೋಟಿ ಜನರಲ್ಲಿ ನಗರವಾಸಿಗಳು ಶೇ. 38.67. ಅವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಬೆಂಗಳೂರಿನವರೇ: ಬಿಬಿಎಂಪಿ ವ್ಯಾಪ್ತಿಯಲ್ಲಿ 84 ಲಕ್ಷ. ಅದರ ನಂತರದ ಹುಬ್ಬಳ್ಳಿ–ಧಾರವಾಡದಲ್ಲಿ 9.4 ಲಕ್ಷ. ಬೀದರ್ ಜಿಲ್ಲೆಯ 17 ಲಕ್ಷ ಜನರಲ್ಲಿ ನಗರವಾಸಿಗಳು ಕಾಲು ಭಾಗ ಅಷ್ಟೇ, ಅದರಲ್ಲೂ ಅರ್ಧದಷ್ಟು ಬೀದರ್ ನಗರದಲ್ಲೇ. ರಾಜ್ಯದ ಕಥೆಯೇ ಜಿಲ್ಲೆಯದೂ.

ಪಟ್ಟಣ ಅನ್ನಿಸಿಕೊಳ್ಳೋಕೆ ಎರಡು ದಾರಿ. ಒಂದು, ರಾಜ್ಯ ಸರ್ಕಾರದ ಅಧಿಸೂಚನೆ. ಕಾಯ್ದೆ ಪ್ರಕಾರ 10 ಸಾವಿರ ದಾಟಿದರೆ ಪಟ್ಟಣ ಪಂಚಾಯಿತಿ (ಔರಾದ್), 20 ಸಾವಿರಕ್ಕೆ ಪುರಸಭೆ (ಭಾಲ್ಕಿ), 50 ಸಾವಿರಕ್ಕೆ ನಗರಸಭೆ (ಬಸವಕಲ್ಯಾಣ), 3 ಲಕ್ಷಕ್ಕೆ ಮಹಾನಗರ ಪಾಲಿಕೆ. ಜನಸಾಂದ್ರತೆ, ಕೃಷಿಯೇತರ ಉದ್ಯೋಗದ ಷರತ್ತುಗಳೂ ಇವೆ.

ಇನ್ನೊಂದು ಜನಗಣತಿಯದ್ದು: ಕನಿಷ್ಠ 5 ಸಾವಿರ ಜನ, ಚದರ ಕಿ.ಮೀ.ಗೆ 400 ಮಂದಿ, ದುಡಿಯುವ ಗಂಡಸರಲ್ಲಿ ಶೇ. 75 ಮಂದಿ ಕೃಷಿಯ ಹೊರಗೆ. ಹೌದು, ಗಂಡಸರು ಮಾತ್ರ. ಗಂಡಸರು ಗೌಂಡಿ ಕೆಲಸಕ್ಕೆ ಹೋಗಿ, ಹೆಂಗಸರು ತೊಗರಿ ಹೊಲದಲ್ಲೇ ಉಳಿದರೂ ಈ ಲೆಕ್ಕಕ್ಕೆ ಆ ಊರು ಪಟ್ಟಣವೇ! 2011ರಲ್ಲಿ ರಾಜ್ಯದ 347 ಪಟ್ಟಣಗಳಲ್ಲಿ 127 ಇಂಥವು. ಅಂಕಿಅಂಶದಲ್ಲಿ ನಗರ, ಆಡಳಿತದಲ್ಲಿ ಮಾತ್ರ ಗ್ರಾಮ ಪಂಚಾಯಿತಿ. ಒಳಚರಂಡಿಗೆ ಯಾರನ್ನು ಕೇಳಬೇಕು ಅನ್ನೋ ಗೊಂದಲ ಇಲ್ಲಿಂದಲೇ ಶುರು.

ಈ ಹಣೆಪಟ್ಟಿ ಬದಲಾದರೆ ಜೇಬಿಗೂ ತಟ್ಟುತ್ತದೆ. 2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯ ಸಚಿವ ಸಂಪುಟ ಸಭೆ ಬೀದರ್ ನಗರಸಭೆಯನ್ನು ಪಾಲಿಕೆ ಮಾಡಲು ಒಪ್ಪಿತು. ನಗರದಲ್ಲಿ 2011ರಲ್ಲಿ ಇದ್ದದ್ದು 2.16 ಲಕ್ಷ ಜನ. ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಳ್ಳೋದು ಅದಕ್ಕೇ. ಸೇರಿದ ಹಳ್ಳಿಗೆ ನೀರು, ಬೀದಿದೀಪ ಸುಧಾರಿಸಬಹುದು. ಆದರೆ ಗ್ರಾಮೀಣ ಕುಟುಂಬಗಳಿಗೆ ಮಾತ್ರ ಸಿಗುವ ಉದ್ಯೋಗ ಖಾತ್ರಿ ಹೋಗುತ್ತದೆ. ಗ್ರಾಮ ಪಂಚಾಯಿತಿಯಲ್ಲಿ ಸುಮಾರು 400 ಜನಕ್ಕೊಬ್ಬ ಸದಸ್ಯ. ಪಾಲಿಕೆಯಲ್ಲಿ ಸಾವಿರಾರು ಜನರ ವಾರ್ಡಿಗೆ ಒಬ್ಬರು. ನನ್ನ ಪ್ರಕಾರ ಇದೇ ದೊಡ್ಡ ನಷ್ಟ, ಚರ್ಚೆ ಆಗದೇ ಇರೋದೂ ಇದೇ.

ಮುಂದಿನ ಎಣಿಕೆಗೆ ಗಡಿಗಳು 2025ರ ಡಿಸೆಂಬರ್ 31ಕ್ಕೇ ಸ್ಥಗಿತ. ಜನರ ಎಣಿಕೆ ನಿಗದಿಯಾಗಿರೋದು 2027ರ ಫೆಬ್ರವರಿಗೆ. ಆ ಅವಧಿಯುದ್ದಕ್ಕೂ ಊರಲ್ಲಿಲ್ಲದವರನ್ನು ಅವರು ಇರುವ ಕಡೆಯೇ ಎಣಿಸುತ್ತಾರೆ. ಹಾಗಾಗಿ ಆಗ ಹೈದರಾಬಾದ್‌ನಲ್ಲಿ ಕಟ್ಟಡ ಕಟ್ಟುತ್ತಿರುವ ಔರಾದ್‌ನ ಕುಟುಂಬ ತೆಲಂಗಾಣದ ಲೆಕ್ಕಕ್ಕೆ ಹೋಗುತ್ತದೆ, ಅದರ ರೇಷನ್ ಕಾರ್ಡು ಔರಾದ್‌ನಲ್ಲೇ ಇದ್ದರೂ.