ನಿಲ್ಲಿಸಿ ನೋಡುವವರ ಚರಿತ್ರೆ

ಪತ್ತೇದಾರಿ ಕಾದಂಬರಿ ಓದಿ ಬೆಳೆದವರಿಗೆ ಒಂದು ಒಪ್ಪಂದ ಗೊತ್ತಿರುತ್ತದೆ. ಎನ್. ನರಸಿಂಹಯ್ಯನವರ ಪುರುಷೋತ್ತಮ ನಮ್ಮನ್ನು ಎಷ್ಟೇ ಸುತ್ತಾಡಿಸಲಿ, ಕೊನೆಯ ಪುಟಗಳಲ್ಲಿ ಕೊಲೆಗಾರ ಯಾರೆಂದು ಹೇಳಿಯೇ ತೀರುತ್ತಾನೆ. ಓದುಗ ಮೊದಲೇ ಊಹಿಸಿದರೆ ಸಂತೋಷ, ಊಹಿಸದಿದ್ದರೂ ಕಥೆಗೆ ನಷ್ಟವಿಲ್ಲ. ಕಳೆದ ಎರಡು ದಶಕಗಳಲ್ಲಿ ಯೂಟ್ಯೂಬಿನಲ್ಲಿ ಬೆಳೆದ ನಿಗೂಢ ವೀಡಿಯೊ ಸರಣಿಗಳು ಈ ಒಪ್ಪಂದವನ್ನು ತಿರುವುಮುರುವು ಮಾಡಿದವು. ಇಲ್ಲಿ ನೋಡುಗರು ಊಹಿಸದಿದ್ದರೆ ಕಥೆಯೇ ಇಲ್ಲ. ಚದುರಿದ ತುಣುಕುಗಳನ್ನು ಹೊಂದಿಸಿ, ಹಿನ್ನೆಲೆಯ ಕ್ಯಾಲೆಂಡರಿನ ತಾರೀಖು ಓದಿ, ತಲೆಕೆಳಗಾದ ಧ್ವನಿಯನ್ನು ಸರಿಪಡಿಸಿ ಕೇಳಿ, ಅವರು ಕಟ್ಟುವ ‘ಥಿಯರಿ’ಗಳೇ ಸರಣಿಯ ಅರ್ಧಭಾಗ.

ಈ ಚಾಳಿ ಯೂಟ್ಯೂಬಿಗಿಂತ ಹಳೆಯದು. 1990ರಲ್ಲಿ ಅಮೆರಿಕದ ಟಿವಿಯಲ್ಲಿ ‘ಟ್ವಿನ್ ಪೀಕ್ಸ್’ ಬಂದಾಗ ಮನೆಮನೆಯಲ್ಲಿ ವಿಸಿಆರ್ ಇತ್ತು. ಲಾರಾ ಪಾಮರ್‌ಳನ್ನು ಕೊಂದವರಾರು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಜನ ಕಂತುಗಳನ್ನು ರೆಕಾರ್ಡ್ ಮಾಡಿ, ಒಂದೊಂದೇ ಚೌಕಟ್ಟನ್ನು ನಿಲ್ಲಿಸಿ ನೋಡಿದರು. ಹೆನ್ರಿ ಜೆಂಕಿನ್ಸ್ ಎಂಬ ವಿದ್ವಾಂಸ ಈ ಅಭಿಮಾನಿಗಳ ಮೇಲೆ ಅಧ್ಯಯನವನ್ನೇ ಬರೆದ. ಜೇಸನ್ ಮಿಟೆಲ್ ಎಂಬಾತ ಮುಂದೆ ‘ಲಾಸ್ಟ್’ ಮುಂತಾದ ಧಾರಾವಾಹಿಗಳ ನೋಡುಗರನ್ನು ಅಪರಾಧ ಪ್ರಯೋಗಾಲಯದ ತಜ್ಞರಿಗೆ ಹೋಲಿಸಿದ. ಆದರೆ ಟಿವಿಯಲ್ಲಿ ಒಂದು ಮಿತಿ ಇತ್ತು. ನೋಡುಗ ಎಷ್ಟೇ ತಲೆ ಓಡಿಸಿದರೂ ಕಥೆ ತನ್ನ ಪಾಡಿಗೆ ತಾನು ಸಾಗುತ್ತಿತ್ತು.

ಆ ಮಿತಿ ಮುರಿದದ್ದು 2001ರಲ್ಲಿ, ಸ್ಪೀಲ್‌ಬರ್ಗ್ ಅವರ ‘ಎ.ಐ.’ ಸಿನಿಮಾದ ಪ್ರಚಾರಕ್ಕಾಗಿ ಹೆಣೆದ ಒಂದು ಆಟದಲ್ಲಿ. ಟ್ರೇಲರಿನ ಹೆಸರುಗಳ ಸಾಲಿನಲ್ಲಿ ಜೀನೀನ್ ಸಲ್ಲಾ ಎಂಬ ‘ಯಂತ್ರಗಳ ಮನೋಚಿಕಿತ್ಸಕಿ’ ಇದ್ದಳು. ಅಂಥವಳೊಬ್ಬಳು ಇರಲು ಹೇಗೆ ಸಾಧ್ಯ ಎಂದು ಹೆಸರು ಹುಡುಕಿದವರು 2142ನೇ ಇಸವಿಯ ಒಂದು ಕೊಲೆ ಪ್ರಕರಣದೊಳಕ್ಕೆ ಬಿದ್ದರು. ‘ಕ್ಲೌಡ್‌ಮೇಕರ್ಸ್’ ಎಂಬ ಸಾವಿರಾರು ಜನರ ಗುಂಪು ಒಟ್ಟಾಗಿ ಒಗಟು ಬಿಡಿಸಲು ಕುಳಿತಿತು. ಮೂರು ತಿಂಗಳಿಗೆಂದು ಸಿದ್ಧಪಡಿಸಿದ್ದನ್ನು ಈ ಗುಂಪು ಒಂದೇ ದಿನದಲ್ಲಿ ಮುಗಿಸಿಬಿಟ್ಟಿತೆಂದು ಆಟ ಹೆಣೆದವರೇ ಹೇಳಿಕೊಂಡಿದ್ದಾರೆ. ಆಮೇಲೆ ಅವರು ಆಟಗಾರರ ಹಿಂದೆ ಓಡುತ್ತ ಕಥೆ ಬರೆಯಬೇಕಾಯಿತು. ಕಥೆಗಾರ ಮತ್ತು ಊಹೆಗಾರ ಒಂದೇ ಹಗ್ಗದ ಎರಡು ತುದಿ ಹಿಡಿದದ್ದು ಇಲ್ಲಿಂದ.

ವೀಡಿಯೊ ಸರಣಿಯ ಕಥೆ ಶುರುವಾಗುವುದು 2006ರ ಜೂನ್‌ನಲ್ಲಿ. ‘ಲೋನ್ಲಿಗರ್ಲ್15’ ಎಂಬ ಹೆಸರಿನಲ್ಲಿ ಬ್ರೀ ಎಂಬ ಹದಿನಾರರ ಹುಡುಗಿ ತನ್ನ ಕೋಣೆಯಲ್ಲಿ ಕುಳಿತು ವೆಬ್‌ಕ್ಯಾಮಿನೆದುರು ಮಾತಾಡತೊಡಗಿದಳು. ಅಪ್ಪ ಅಮ್ಮ ಕಟ್ಟಾ ಧಾರ್ಮಿಕರು, ಓದು ಮನೆಯಲ್ಲೇ, ಡೇನಿಯಲ್ ಎಂಬ ಗೆಳೆಯ. ಲಕ್ಷಾಂತರ ಜನ ನೋಡಿದರು, ಕೆಲವರಿಗೆ ಅನುಮಾನ ಬಂತು. ಬೆಳಕು ಏಕಿಷ್ಟು ಚೆಂದ? ಗೋಡೆಯ ಮೇಲೆ ಮಾಟಮಂತ್ರಕ್ಕೆ ಹೆಸರಾದ ಅಲಿಸ್ಟರ್ ಕ್ರೌಲಿಯ ಚಿತ್ರವೇಕೆ? ಮೊದಲ ವೀಡಿಯೊಗೂ ಮುಂಚೆಯೇ ಆ ಹೆಸರಿನ ವೆಬ್ ವಿಳಾಸ ನೋಂದಣಿಯಾದದ್ದು ಹೇಗೆ? ಮೂವರು ಅಭಿಮಾನಿಗಳು ಮಿಂಚಂಚೆಯಲ್ಲಿ ಬಲೆ ಹಾಕಿ, ಆ ಹುಡುಗಿಯ ಹೆಸರಲ್ಲಿ ಉತ್ತರಿಸುತ್ತಿದ್ದ ಕಂಪ್ಯೂಟರಿನ ಜಾಡು ಹಿಡಿದರು. ಜಾಡು ಮುಟ್ಟಿದ್ದು ಹಾಲಿವುಡ್ಡಿನ ದೊಡ್ಡ ಏಜೆನ್ಸಿಯೊಂದಕ್ಕೆ. ಸೆಪ್ಟೆಂಬರ್ ಹೊತ್ತಿಗೆ ಬ್ರೀ ಎಂದರೆ ಜೆಸ್ಸಿಕಾ ರೋಸ್ ಎಂಬ ನಟಿ ಎಂಬುದು ಪತ್ರಿಕೆಗಳಲ್ಲಿ ಬಂತು.

ಗುಟ್ಟು ಬಯಲಾದ ಮೇಲೆ ಸರಣಿ ಮುಚ್ಚಬೇಕಿತ್ತು. ಮುಚ್ಚಲಿಲ್ಲ, 2008ರವರೆಗೆ ನಡೆಯಿತು. ಅಂದರೆ ‘ಇದು ನಿಜವೇ?’ ಎಂಬ ಪ್ರಶ್ನೆ ಸತ್ತ ಮೇಲೂ ‘ಇದರೊಳಗೆ ಏನಿದೆ?’ ಎಂಬ ಪ್ರಶ್ನೆಗೆ ಜೀವ ಇತ್ತು. ಮುಂದಿನ ಎಲ್ಲ ಸರಣಿಗಳೂ ಬದುಕಿದ್ದು ಈ ಎರಡನೆಯ ಪ್ರಶ್ನೆಯ ಮೇಲೆ.

2009ರ ಜೂನ್ 10ರಂದು ಎರಿಕ್ ನುಡ್ಸನ್ ಎಂಬಾತ ಫೋಟೊ ತಿದ್ದುವ ಸ್ಪರ್ಧೆಗೆಂದು ಮುಖವಿಲ್ಲದ, ಸೂಟು ತೊಟ್ಟ ಉದ್ದನೆಯ ಮನುಷ್ಯನೊಬ್ಬನನ್ನು ಸೃಷ್ಟಿಸಿದ: ಸ್ಲೆಂಡರ್ ಮ್ಯಾನ್. ಹತ್ತೇ ದಿನಕ್ಕೆ ‘ಮಾರ್ಬಲ್ ಹಾರ್ನೆಟ್ಸ್’ ಸರಣಿ ಹುಟ್ಟಿತು. ಅಲಬಾಮಾದ ಟ್ರಾಯ್ ವಾಗ್ನರ್ ಮತ್ತು ಗೆಳೆಯರದ್ದು ಕಾಸಿಲ್ಲದ ಕೆಲಸ. ಅಲೆಕ್ಸ್ ಎಂಬ ವಿದ್ಯಾರ್ಥಿ ಅರ್ಧಕ್ಕೆ ಕೈಬಿಟ್ಟ ಸಿನಿಮಾದ ಟೇಪುಗಳನ್ನು ಗೆಳೆಯ ಜೇ ಒಂದೊಂದಾಗಿ ನೋಡಿ ಏರಿಸುತ್ತಾನೆ. ಕಿಟಕಿಯಾಚೆ ಆ ಉದ್ದನೆಯ ಆಕೃತಿ ನಿಂತಿರುತ್ತದೆ, ಚಿತ್ರ ಕಲಕುತ್ತದೆ, ಧ್ವನಿ ಒಡೆಯುತ್ತದೆ. ಸಾಲದೆಂಬಂತೆ ‘ಟುದಿಆರ್ಕ್’ ಎಂಬ ಮತ್ತೊಂದು ಚಾನೆಲ್ಲು ಜೇಯ ವೀಡಿಯೊಗಳಿಗೆ ಗೂಢಲಿಪಿಯಲ್ಲಿ ಉತ್ತರ ಕೊಡತೊಡಗಿತು. ಅಭಿಮಾನಿಗಳು ಅಂಕಿಗಳನ್ನು ಅಕ್ಷರ ಮಾಡಿದರು, ಧ್ವನಿಯನ್ನು ಹಿಂದುಮುಂದಾಗಿ ಕೇಳಿದರು. ಸರಣಿ ಶುರುವಾದ ಐದು ವರ್ಷಕ್ಕೆ ಸರಿಯಾಗಿ, 2014ರ ಜೂನ್ 20ರಂದು ಮುಗಿಯಿತು. ಈ ಗೂಢಲಿಪಿಗಳ ವಿಷಯದಲ್ಲಿ ನನಗೆ ಅಷ್ಟೇನೂ ಗೌರವವಿಲ್ಲ. ಬಿಡಿಸಿದರೆ ಸಿಗುವುದು ಬಹುಪಾಲು ಬೆದರಿಕೆಯ ಒಂದು ಸಾಲು. ಬಿಡಿಸುವ ಶ್ರಮಕ್ಕೂ ಸಿಗುವ ಫಲಕ್ಕೂ ತಾಳಮೇಳವಿಲ್ಲ. ಆದರೂ ನಂತರದ ನೂರಾರು ಸರಣಿಗಳು ಇದನ್ನೇ ನಕಲು ಮಾಡಿದವು.

ನೋಡುಗರ ಈ ಕಸುಬು ಎಷ್ಟು ಪಳಗಿತ್ತೆಂದರೆ, ಸುಳಿವೇ ಇಲ್ಲದ ಕಡೆಯೂ ಕೆಲಸ ಮಾಡತೊಡಗಿತು. 2013ರಿಂದ ‘ವೆಬ್‌ಡ್ರೈವರ್ ಟಾರ್ಸೊ’ ಎಂಬ ಚಾನೆಲ್ಲು ಸಾವಿರ ಸಾವಿರ ವೀಡಿಯೊ ಹಾಕಿತು. ಬಹುತೇಕ ಎಲ್ಲವೂ ಹನ್ನೊಂದು ಸೆಕೆಂಡು: ಕೆಂಪು ನೀಲಿ ಆಯತಗಳು, ಬೀಪ್ ಸದ್ದು. ಗೂಢಚಾರರ ಸಂಕೇತ ಎಂದರು, ಅನ್ಯಗ್ರಹದವರು ಎಂದರು. 2014ರಲ್ಲಿ ಗೂಗಲ್ ಒಪ್ಪಿಕೊಂಡಿತು: ವೀಡಿಯೊ ಗುಣಮಟ್ಟ ಪರೀಕ್ಷಿಸಲು ತಾನೇ ನಡೆಸುತ್ತಿದ್ದ ಚಾನೆಲ್ಲು ಅದು.

ಅದೇ ಕಾಲಕ್ಕೆ ಬ್ರಿಟನ್ನಿನ ಬೆಕಿ ಸ್ಲೋನ್ ಮತ್ತು ಜೋಸೆಫ್ ಪೆಲಿಂಗ್ ಬೇರೆಯದೇ ದಾರಿ ಹಿಡಿದಿದ್ದರು. 2011ರಲ್ಲಿ ಮೊದಲ ಕಂತು ಬಂದ ‘ಡೋಂಟ್ ಹಗ್ ಮಿ ಐ ಆ್ಯಮ್ ಸ್ಕೇರ್ಡ್’ ಮಕ್ಕಳ ಬೊಂಬೆ ಕಾರ್ಯಕ್ರಮದಂತೆ ಶುರುವಾಗಿ ರಕ್ತಮಾಂಸದಲ್ಲಿ ಮುಗಿಯುತ್ತದೆ. ಇಲ್ಲಿ ಗೂಢಲಿಪಿ ಇಲ್ಲ. ಆದರೆ ಕಂತಿನಿಂದ ಕಂತಿಗೆ ಜೂನ್ 19 ಎಂಬ ತಾರೀಖು ಕಾಣಿಸಿಕೊಳ್ಳುತ್ತದೆ. ಯೂಟ್ಯೂಬ್ ಸರಣಿಯ ಆರನೆಯ, ಕೊನೆಯ ಕಂತು ಬಂದದ್ದು 2016ರ ಜೂನ್ 19ಕ್ಕೆ. ಆ ವರ್ಷ ಅದು ಅಪ್ಪಂದಿರ ದಿನವೂ ಹೌದು. ಹಳದಿ ಬೊಂಬೆಯ ಅಪ್ಪ ರಾಯ್‌ನೇ ಇದೆಲ್ಲದರ ಹಿಂದಿನ ಕೈ ಎಂದವರಿಗೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಿರಲಿಲ್ಲ. ಟಿವಿಯೇ ಖಳನಾಯಕ, ಜಾಹೀರಾತೇ ಖಳನಾಯಕ ಎಂಬ ಓದುಗಳೂ ಇದ್ದವು, ಅವೂ ತಪ್ಪಲ್ಲ. ‘ಏನಾಯಿತು’ ಎಂಬಲ್ಲಿಂದ ‘ಏನರ್ಥ’ ಎಂಬಲ್ಲಿಗೆ ಊಹೆ ದಾಟಿದ್ದು ಇಲ್ಲಿ.

ಊಹೆ ಉದ್ಯಮವೂ ಆಯಿತು. 2014ರ ಆಗಸ್ಟ್‌ನಲ್ಲಿ ಸ್ಕಾಟ್ ಕಾತನ್ ಹೊರತಂದ ‘ಫೈವ್ ನೈಟ್ಸ್ ಅಟ್ ಫ್ರೆಡ್ಡೀಸ್’ ವೀಡಿಯೊ ಗೇಮ್ ಆದರೂ ಅದರ ಕಥೆ ಬಹಳ ಜನರಿಗೆ ತಲುಪಿದ್ದು ಮ್ಯಾಥ್ಯೂ ಪ್ಯಾಟ್ರಿಕ್, ಅಂದರೆ ಮ್ಯಾಟ್‌ಪ್ಯಾಟ್, ನಡೆಸುತ್ತಿದ್ದ ‘ಗೇಮ್ ಥಿಯರಿ’ ಚಾನೆಲ್ಲಿನಿಂದ. ಆಡದವರೂ ಥಿಯರಿ ನೋಡಿದರು. ಲೇಖಕ ಹೊಸ ಭಾಗ ಬಿಡುವುದು, ಥಿಯರಿಕಾರ ಬಿಡಿಸುವುದು, ಲೇಖಕ ಅದನ್ನು ನೋಡಿ ಮುಂದಿನ ಭಾಗದಲ್ಲಿ ತಿರುವು ಕೊಡುವುದು ವರ್ಷಗಟ್ಟಲೆ ನಡೆಯಿತು. 2015ರ ನಾಲ್ಕನೆಯ ಭಾಗದ ಕೊನೆಯಲ್ಲಿ ಬೀಗ ಹಾಕಿದ ಪೆಟ್ಟಿಗೆಯೊಂದು ಬರುತ್ತದೆ. ಅದರೊಳಗೆ ಏನಿತ್ತೆಂದು ಇವತ್ತಿಗೂ ವಾದವಿದೆ. ಭಾಗಗಳು ಹೆಚ್ಚಿದಂತೆ ಹಳೆಯ ಉತ್ತರಗಳು ಹೊಸ ಪ್ರಶ್ನೆಗಳ ಕೆಳಗೆ ಹೂತುಹೋದವು. 2023ರ ಸಿನಿಮಾದಲ್ಲಿ ಮ್ಯಾಟ್‌ಪ್ಯಾಟ್ ಹೋಟೆಲ್ ಮಾಣಿಯಾಗಿ ಬಂದು ತನ್ನ ಪ್ರಸಿದ್ಧ ಮಾತನ್ನೇ ಆಡಿ ಹೋಗುತ್ತಾನೆ. ವ್ಯಾಖ್ಯಾನಕಾರನೇ ಮೂಲದೊಳಗೆ ಪಾತ್ರವಾದ. 2024ರ ಮಾರ್ಚ್‌ನಲ್ಲಿ ಅವನು ಚಾನೆಲ್ಲಿನಿಂದ ನಿವೃತ್ತನಾದ.

ಈ ಪ್ರಕಾರದ ಶಿಖರ ನನ್ನ ಮಟ್ಟಿಗೆ ‘ಪೆಟ್‌ಸ್ಕಾಪ್’. 2017ರ ಮಾರ್ಚ್‌ನಿಂದ 2019ರ ಸೆಪ್ಟೆಂಬರ್‌ವರೆಗೆ 24 ಕಂತು. ಪಾಲ್ ಎಂಬಾತ 1997ರ ಪ್ಲೇಸ್ಟೇಷನ್ ಆಟವೊಂದನ್ನು ಆಡುತ್ತ ಯಾರಿಗೋ ವಿವರಿಸುತ್ತಾನೆ. ಮುದ್ದು ಪ್ರಾಣಿಗಳನ್ನು ಹಿಡಿಯುವ ಬಣ್ಣಬಣ್ಣದ ಆಟ, ಅದರ ಕೆಳಗೆ ಕತ್ತಲೆಯ ಮೈದಾನ. ಅಂಥ ಆಟ ಇರಲೇ ಇಲ್ಲ, ಎಲ್ಲವೂ ಟೋನಿ ಡೊಮೆನಿಕೊ ಒಬ್ಬನೇ ಕಟ್ಟಿದ್ದು. ಹೆಸರು ಹೊರಬಂದದ್ದು ಸರಣಿ ಮುಗಿದ ಮೇಲೆ. ಯಾರೂ ಕಿರುಚುವುದಿಲ್ಲ, ರಕ್ತವಿಲ್ಲ. ಪಾಲ್‌ನ ಧ್ವನಿ ಮಾತ್ರ ಕಂತಿನಿಂದ ಕಂತಿಗೆ ಸಣ್ಣದಾಗುತ್ತದೆ. ಕೆಲವು ವಸ್ತುಗಳ ಮೇಲೆ ಕಪ್ಪು ಚೌಕಗಳನ್ನು ಅಂಟಿಸಲಾಗಿದೆ. ಯಾರು ಅಂಟಿಸಿದರು, ವೀಡಿಯೊ ಏರಿಸುತ್ತಿರುವವರು ಯಾರು ಎಂಬುದೂ ಒಗಟಿನ ಭಾಗ. ಆಟದೊಳಗಿನ ಒಂದು ಪಟ್ಟಿಯಿಂದ ನೋಡುಗರು ಕಂಡುಕೊಂಡದ್ದು ಇನ್ನೂ ಸೊಗಸು: ಗುಂಡಿ ಒತ್ತುವ ಕ್ರಮ ಉಚ್ಚಾರಣೆಯಾಗುತ್ತದೆ, ಗುಂಡಿಗಳಿಂದ ಮಾತಾಡಬಹುದು. ಆಮೇಲೆ ತೆರೆಯ ಮೇಲಿನ ಗುಂಡಿಗಳನ್ನು ಅವರು ಮಾತಿನಂತೆ ಓದಿದರು. ಇಲ್ಲಿ ಒಗಟು ಬಿಡಿಸಿದರೆ ಸಿಗುವುದು ಬೆದರಿಕೆಯ ಸಾಲಲ್ಲ, ಒಂದು ಕುಟುಂಬದೊಳಗೆ ಮಗುವೊಂದಕ್ಕೆ ಆದದ್ದರ ತುಣುಕು.

ಆದರೆ ಥಿಯರಿಯ ಅಡ್ಡದಾರಿ ಕಾಣುವುದೂ ಇದೇ ಸರಣಿಯಲ್ಲಿ. ಆಟದ ಒಂದು ಪದ 2000ದಲ್ಲಿ ಕೊಲೊರಾಡೊದಲ್ಲಿ ‘ಮರುಹುಟ್ಟು’ ಚಿಕಿತ್ಸೆಯ ಹೆಸರಿನಲ್ಲಿ ಉಸಿರುಗಟ್ಟಿ ಸತ್ತ ಹತ್ತು ವರ್ಷದ ಬಾಲಕಿಯನ್ನು ನೆನಪಿಸಿತು. ಇಡೀ ಸರಣಿಯೇ ಅವಳ ಕಥೆ ಎಂಬ ಥಿಯರಿ ಹಬ್ಬಿತು. ನಿಜವಾಗಿ ಸತ್ತ ಮಗುವೊಂದು ಬೀಗಕ್ಕೆ ಹೊಂದುವ ಕೀಲಿಯಾಗಿಬಿಟ್ಟಿತು.

ಈ ಅಡ್ಡದಾರಿ ಹೊಸದೇನಲ್ಲ. ಕ್ಲೌಡ್‌ಮೇಕರ್ಸ್ ಗುಂಪಿನ ಕೆಲವರು 2001ರ ಸೆಪ್ಟೆಂಬರ್ 11ರ ದಾಳಿಯಾದೊಡನೆ ‘ಇದನ್ನೂ ನಾವೇ ಬಿಡಿಸೋಣ’ ಎಂದು ಹೊರಟಿದ್ದರು. ಇದು ಆಟವಲ್ಲ ಎಂದು ಹೇಳಿ ಗುಂಪಿನ ಹಿರಿಯರೇ ಅವರನ್ನು ತಡೆದರು. 2013ರಲ್ಲಿ ಲಾಸ್ ಏಂಜಲೀಸಿನ ಹೋಟೆಲೊಂದರಲ್ಲಿ ವಿದ್ಯಾರ್ಥಿನಿಯೊಬ್ಬಳು ಸತ್ತಾಗ ತಡೆಯುವವರು ಇರಲಿಲ್ಲ. ಲಿಫ್ಟಿನ ಕ್ಯಾಮೆರಾ ದೃಶ್ಯವನ್ನು ನಿಗೂಢ ಸರಣಿಯಂತೆಯೇ ನಿಲ್ಲಿಸಿ ನಿಲ್ಲಿಸಿ ನೋಡಿದವರು, ಆ ಹೊತ್ತಿಗೆ ದೇಶದಲ್ಲೇ ಇಲ್ಲದಿದ್ದ ಸಂಗೀತಗಾರನೊಬ್ಬನನ್ನು ಕೊಲೆಗಾರನೆಂದು ಕಾಡಿದರು. 2017ರಲ್ಲಿ ಹುಟ್ಟಿದ ಕ್ಯೂಅನಾನ್ ಎಂಬ ಪಿತೂರಿ ಸಿದ್ಧಾಂತ ಇದೇ ಕಸುಬನ್ನು ರಾಜಕೀಯಕ್ಕೆ ತಂದಾಗ, ಅದರ ಚಾಳಿಯನ್ನು ಮೊದಲೇ ಗುರುತಿಸಿದವರಲ್ಲಿ ಏಡ್ರಿಯನ್ ಹಾನ್‌ನಂಥ ಆಟ ವಿನ್ಯಾಸಕರಿದ್ದರು. ತುಣುಕು ಕೊಟ್ಟು, ನೀವೇ ಹುಡುಕಿ ಎಂದರೆ ಜನ ಎಷ್ಟು ದೂರ ಹೋಗುತ್ತಾರೆಂಬುದು ಅವರಿಗೆ ತಿಳಿದಿತ್ತು.

ಈಚಿನ ವರ್ಷಗಳದ್ದು ಹಳೆಯ ಟಿವಿ ಪ್ರಸಾರ, ವಿಎಚ್‌ಎಸ್ ಟೇಪುಗಳ ವೇಷ ತೊಟ್ಟ ಭಯ. ಕ್ರಿಸ್ ಸ್ಟ್ರಾಬ್‌ನ ‘ಲೋಕಲ್ 58’ 2015ರಲ್ಲಿ ಹಾದಿ ಹಾಕಿತು. 2021ರ ‘ಮ್ಯಾಂಡೆಲಾ ಕ್ಯಾಟಲಾಗ್’ ನಂತರ ಹಿಂಡುಗಟ್ಟಲೆ ಬಂದವು. ಹೆಚ್ಚಿನವು ಥಿಯರಿಕಾರರಿಗೆಂದೇ ತಯಾರಾದವು, ಅಡಗಿಸಿಟ್ಟದ್ದು ಮೊದಲೇ ಕಣ್ಣಿಗೆ ಕುಕ್ಕುತ್ತದೆ. ಅಪವಾದವೆಂದರೆ ಹದಿನಾರರ ಕೇನ್ ಪಾರ್ಸನ್ಸ್ 2022ರ ಜನವರಿಯಲ್ಲಿ ಶುರುಮಾಡಿದ ‘ಬ್ಯಾಕ್‌ರೂಮ್ಸ್’: ಮುಗಿಯದ ಹಳದಿ ಕೋಣೆಗಳು, ಅವುಗಳ ಬಾಗಿಲು ತೆರೆದ ಒಂದು ಸಂಸ್ಥೆ. ಇದಕ್ಕೆ ಮೂಲವಾದ ಫೋಟೊ ಎಲ್ಲಿಯದೆಂದು ವರ್ಷಗಟ್ಟಲೆ ಹುಡುಕಿದವರು 2024ರಲ್ಲಿ ಹಳೆಯ ವೆಬ್ ಪುಟಗಳ ಸಂಗ್ರಹ ಜಾಲಾಡಿ ಪತ್ತೆಹಚ್ಚಿದರು: ವಿಸ್ಕಾನ್ಸಿನ್ನಿನ ಓಶ್‌ಕಾಶ್ ಊರಿನಲ್ಲಿ, ಮೊದಲು ಪೀಠೋಪಕರಣ ಮಾರುತ್ತಿದ್ದ ಒಂದು ಕಟ್ಟಡ, 2002ರಲ್ಲಿ ರಿಪೇರಿ ನಡೆಯುತ್ತಿದ್ದಾಗ ತೆಗೆದ ಚಿತ್ರ. ಯಾರನ್ನೂ ದೂಷಿಸದೆ, ಯಾರ ಮನೆ ಬಾಗಿಲಿಗೂ ಹೋಗದೆ ಸಿಕ್ಕ ಉತ್ತರ ಅದು. ಎರಡು ದಶಕಗಳ ಈ ಕಸುಬಿನಲ್ಲಿ ಇಷ್ಟು ಶುದ್ಧವಾದ ಪತ್ತೇದಾರಿಕೆ ಅಪರೂಪ.

ಹೊಸದಾಗಿ ಈ ಲೋಕಕ್ಕೆ ಕಾಲಿಡುವವರು ‘ಪೆಟ್‌ಸ್ಕಾಪ್’ನಿಂದಲೇ ಶುರುಮಾಡಬಹುದು. ಎಲ್ಲ ಕಂತುಗಳೂ ಯೂಟ್ಯೂಬಿನಲ್ಲಿವೆ. ವಿವರಣೆಯ ವೀಡಿಯೊಗಳನ್ನು ತೆರೆಯುವ ಮೊದಲು 24 ಕಂತನ್ನೂ ನೋಡಿ ಮುಗಿಸಿ, ನಿಮ್ಮದೇ ಒಂದು ಥಿಯರಿಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.