ಎಡೆದೊರೆಯ ಸಂಚಾರದ ಒಲೆ

ಕೃಷ್ಣೆ ತುಂಗಭದ್ರೆಗಳ ನಡುವಣ ಸೀಮೆಯನ್ನು ಪ್ರಾಚೀನ ಶಾಸನಗಳು ಎಡೆದೊರೆಯೆಂದು ಕರೆದಿವೆ. ಲಿಂಗಸುಗೂರಿನಿಂದ ಮಸ್ಕಿಯನ್ನು ಹಾದು ಸಿಂಧನೂರಿಗೆ ಇಳಿಯುವ ಹಾದಿಯಲ್ಲಿ ಕಣ್ಣಿಗೆ ತುಂಬುವುದು ಎರೆಯ ವಿಸ್ತಾರವೇ; ಅಲ್ಲೊಂದು ಬೇವು, ಇಲ್ಲೊಂದು ಜಾಲಿ ಎಂಬುದನ್ನುಳಿದರೆ ಸೌದೆಗೊದಗುವ ಮರಗಳು ವಿರಳವಾದುದರಿಂದ, ಈ ನಾಡಿನಲ್ಲಿ ಒಲೆಯ ಆಕಾರವನ್ನು ನಿರ್ಣಯಿಸಿದುದು ಬಹುಮಟ್ಟಿಗೆ ಉರುವಲಿನ ಅಭಾವವೆಂದೇ ಹೇಳಬೇಕು. ತೊಗರಿಕಟ್ಟಿಗೆ, ಹತ್ತಿಕಟ್ಟಿಗೆ, ಜೋಳದ ಕೂಳೆ, ಕುಳ್ಳು: ಇವಿಷ್ಟೇ ಇಲ್ಲಿಯ ಅಗ್ನಿಯ ಆಹಾರ. ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ 1952ರಲ್ಲಿ ಉತ್ಖನನ ನಡೆಸಿದ ಪುರಾತತ್ತ್ವಜ್ಞ ಆಲ್ಚಿನ್ನರು ನವಶಿಲಾಯುಗದ ಗೋಪಾಲಕರ ನೆಲೆಯನ್ನು ಬೆಳಕಿಗೆ ತಂದರು. ದಕ್ಷಿಣದ ಬೂದಿದಿಬ್ಬಗಳು ಆ ಕಾಲದ ದೊಡ್ಡಿಗಳಲ್ಲಿ ಸಂಚಯವಾದ ಸಗಣಿ ಸುಟ್ಟು ಆದುವೆಂಬುದೂ ಅವರದೇ ಪ್ರತಿಪಾದನೆ. ಆ ಬೆಂಕಿ ಅಡಿಗೆಯದಲ್ಲವಾದರೂ, ಸಗಣಿ ಉರಿಯುವ ಬಗೆಯನ್ನು ಈ ಜನ ಎಂದಿನಿಂದ ಬಲ್ಲರೆಂಬುದಕ್ಕೆ ಸಾಕ್ಷಿ.

ಕುರಿಹಿಂಡಿನೊಡನೆ ಹೊಲದಿಂದ ಹೊಲಕ್ಕೆ ಸಾಗುವ ಕುರುಬರು ಒಲೆಯನ್ನು ಹೊತ್ತು ನಡೆಯುವುದಿಲ್ಲ. ಬೀಡುಬಿಟ್ಟೆಡೆ ಮೂರು ಕಲ್ಲುಗಳನ್ನು, ಬಾಯಿ ತುಸು ಓರೆಯಾಗಿ ಗಾಳಿಯನ್ನು ಹಿಡಿಯುವಂತೆ ಹೂಡಿ, ಕೆಳಗೆ ಕುಳ್ಳಿನ ಚೂರು, ಮೇಲೆ ಹತ್ತಿಕಟ್ಟಿಗೆ ಇಟ್ಟು ಹೊತ್ತಿಸಿದರೆ ಸಾಕು. ಬಡಿದ ಜೋಳದ ರೊಟ್ಟಿಯನ್ನು ಹಂಚಿನ ಮೇಲೆ ಹಾಕಿ, ಒದ್ದೆ ಬಟ್ಟೆಯಿಂದ ಅದರ ಮೈಸವರಿ, ಮಗುಚಿ, ಕೊನೆಗೆ ಹಂಚನ್ನಿಳಿಸಿ ರೊಟ್ಟಿಯನ್ನು ಕೆಂಡದ ಮಗ್ಗುಲಲ್ಲಿ ಕಲ್ಲಿಗೆ ಆನಿಸಿ ನಿಲ್ಲಿಸಿದಾಗ ಅದು ಉಬ್ಬುತ್ತದೆ. ಈ ಕಡೆಯ ಕಾರ್ಯಕ್ಕೆ ಜ್ವಾಲೆಗಿಂತ ಕೆಂಡವೇ ಬೇಕು.

ಕೆಂಡವನ್ನೇ ಬಿಡದ ಒಲೆ ಸ್ಪಿರಿಟ್ಟಿನದು. ಅಮೆರಿಕದ ದೂರಪಥಿಕರು ಇಂದಿಗೂ ಪಾನೀಯದ ಹಗುರ ಡಬ್ಬಿಗಳ ತಳಗಳನ್ನು ಕತ್ತರಿಸಿ, ಒಂದನ್ನೊಂದರೊಳಗೆ ಕೂಡಿಸಿ, ಅಂಚಿನ ಸುತ್ತ ಸೂಜಿಯಿಂದ ರಂಧ್ರ ತೆರೆದು ಇದನ್ನು ತಾವೇ ನಿರ್ಮಿಸಿಕೊಳ್ಳುತ್ತಾರೆ. ಮದ್ಯಸಾರವು 78 ಡಿಗ್ರಿಯಲ್ಲಿ ಕುದಿಯುವುದರಿಂದ, ಒಮ್ಮೆ ಹೊತ್ತಿಕೊಂಡ ಮೇಲೆ ಜ್ವಾಲೆಯ ಕಾವೇ ಲೋಹಕ್ಕೆ ಮರಳಿ, ಒಳಗಿನ ದ್ರವವನ್ನು ಆವಿಯಾಗಿಸಿ, ರಂಧ್ರಗಳಿಂದ ಹೊರದೂಡುತ್ತದೆ; ಪಂಪಿಲ್ಲ, ಮಸಿಯಿಲ್ಲ. ಆದರೆ ತೂಕಕ್ಕೆ ತೂಕವಿಟ್ಟರೆ ಸೀಮೆಎಣ್ಣೆಯ ಕಾವಿನ ಮೂರರಲ್ಲೆರಡು ಪಾಲೂ ಇದರಲ್ಲಿಲ್ಲ, ಎರೆನಾಡಿನ ಬಯಲುಗಾಳಿಗೆ ನಿಲ್ಲುವುದಿಲ್ಲ, ನಡುಹಗಲ ಬಿಸಿಲಲ್ಲಿ ಜ್ವಾಲೆ ಕಣ್ಣಿಗೆ ಕಾಣುವುದೂ ಇಲ್ಲ. ಆರಿತೆಂದು ಭ್ರಮಿಸಿ ಮತ್ತೆ ಸುರಿದವನ ಕೈ ಸುಡುತ್ತದೆ.

ಇಪ್ಪೆಯ ಹೂವನ್ನು ಭಟ್ಟಿ ಇಳಿಸಬಲ್ಲ ದೇಶದಲ್ಲಿ ಇಂಥ ಒಲೆ ಏಕೆ ನೆಲೆಗೊಳ್ಳಲಿಲ್ಲವೆಂಬುದು ಕೇಳತಕ್ಕ ಪ್ರಶ್ನೆ. ಸೇಂದಿಯಂತೂ ಉರಿಯುವ ವಸ್ತುವೇ ಅಲ್ಲ. ನಾಟಿ ಭಟ್ಟಿಯ ಸಾರಾಯಿ, ನೀರು ಬಹಳವಿದ್ದರೆ, ಹೊತ್ತಿಕೊಳ್ಳುವುದೇ ಕಷ್ಟ. ಆದರೆ ರಸಾಯನಕ್ಕಿಂತಲೂ ಬಲವಾದ ಕಾರಣ ರಾಜಸ್ವವೆಂದು ನನಗೆ ತೋರುತ್ತದೆ. ಇಂಗ್ಲೆಂಡಿನಲ್ಲಿ ಕುಡಿಯಲಾಗದಂತೆ ಬೆರಕೆ ಮಾಡಿದ ಸ್ಪಿರಿಟ್ಟಿಗೆ 1855ರಲ್ಲೇ ಸುಂಕದಿಂದ ವಿಮುಕ್ತಿ ದೊರೆತಿತು. ಈ ಸೀಮೆ ಸೇರಿದ್ದ ನಿಜಾಮರ ರಾಜ್ಯದಲ್ಲಿಯಾದರೋ ಅಬಕಾರಿಯೇ ಬೊಕ್ಕಸದ ಒಂದು ಮುಖ್ಯ ಆಧಾರವಾಗಿದ್ದು, ಮನೆಯಲ್ಲಿ ಭಟ್ಟಿ ಹೂಡಿದವನು ಅಪರಾಧಿಯೆನಿಸುತ್ತಿದ್ದನು. ಬ್ರಿಟಿಷ್ ಅಧಿಕಾರಿಗಳ ಕೈಕೆಳಗಿನ ಹೈದರಾಬಾದ್ ಕಂಟಿಂಜೆಂಟಿನ ದಂಡು ಲಿಂಗಸುಗೂರಿನಲ್ಲಿ ಬೀಡುಬಿಟ್ಟಿದ್ದಿತು. 1905ರವರೆಗೆ ಊರು ಜಿಲ್ಲೆಯ ಕೇಂದ್ರವೂ ಆಗಿದ್ದಿತು. ಅಷ್ಟಾದರೂ ಸ್ಪಿರಿಟ್ಟು ವೈದ್ಯರ, ಅಕ್ಕಸಾಲಿಗರ ದೀಪವನ್ನು ದಾಟಿ ರೈತನ ಅಡಿಗೆಗೆ ಬರಲಿಲ್ಲ. ಸ್ವೀಡನ್ನಿನ ಲಿಂಡ್‌ಕ್ವಿಸ್ಟ್ 1892ರಲ್ಲಿ ರೂಪಿಸಿದ ಪ್ರೈಮಸ್ ಹವಾ ಸ್ಟೋವು ಮನೆಗಳಿಗೆ ಬಂದಾಗಲೂ, ಅದರ ಬಟ್ಟಲಿನಲ್ಲಿ ಬುರುಡೆಯನ್ನು ಕಾಯಿಸಲು ಒಂದು ಚಮಚ ಸ್ಪಿರಿಟ್ಟು ಬೇಕಾಗುತ್ತಿದ್ದಿತಷ್ಟೆ. ಎಷ್ಟೋ ಜನ ಅದರ ಬದಲು ಸೀಮೆಎಣ್ಣೆಯನ್ನೇ ಸುಟ್ಟು ಗೋಡೆಯನ್ನು ಕಪ್ಪಾಗಿಸಿದರು.

ಸ್ವಂತ ಕೈಯಿಂದ ಒಲೆ ಕಟ್ಟುವ ಚಾತುರ್ಯಕ್ಕೆ ಸಿಂಧನೂರಿನಲ್ಲಿ ಬೇರೊಂದು ಅವಕಾಶ ಒದಗಿತು. 1953ರಲ್ಲಿ ತುಂಗಭದ್ರೆಯ ಜಲಾಶಯದಿಂದ ನೀರು ಹರಿದು, ಎಡದಂಡೆಯ ಕಾಲುವೆ ಜೋಳದ ಸೀಮೆಯನ್ನು ಭತ್ತದ ಸೀಮೆಯನ್ನಾಗಿ ಮಾಡಿದ ಮೇಲೆ ಅಕ್ಕಿ ಗಿರಣಿಗಳೂ, ಆಂಧ್ರದಿಂದ ಬಂದ ರೈತರ ಕ್ಯಾಂಪುಗಳೂ, ಅವುಗಳ ಬೆನ್ನಿಗೆ ಹೊಟ್ಟಿನ ಗುಡ್ಡೆಗಳೂ ತಲೆಯೆತ್ತಿದುವು. ಖಾಲಿ ಎಣ್ಣೆಡಬ್ಬಿಯ ಬದಿಯಲ್ಲಿ ಕೆಳಗೊಂದು ತೂತು ಕೊರೆದು, ನಡುವೆ ಸೀಸೆಯನ್ನು ನಿಲ್ಲಿಸಿ, ತೂತಿನಲ್ಲಿ ಅದರ ಬುಡಕ್ಕೆ ತಾಗುವಂತೆ ಗುಂಡಗಿನ ಕೋಲಿಟ್ಟು, ಹೊಟ್ಟನ್ನು ಗಟ್ಟಿಯಾಗಿ ಒತ್ತಿ ತುಂಬಿ, ಸೀಸೆಯನ್ನೂ ಕೋಲನ್ನೂ ತಿರುಗಿಸುತ್ತ ಮೆಲ್ಲನೆ ಕಳಚಿದರೆ, ನಡುವಿನ ಪೊಳ್ಳಿನಲ್ಲಿ ಬೆಂಕಿ ಬಹಳ ಹೊತ್ತು ಉರಿಯುತ್ತದೆ. ಸಡಿಲವಾಗಿ ತುಂಬಿದರೆ ಪೊಳ್ಳು ಕುಸಿದು ಹೊಗೆಯೇ ಗತಿ. ಗಿರಣಿಗಳ ಬಾಯ್ಲರುಗಳು ಹೊಟ್ಟನ್ನು ತಾವೇ ನುಂಗತೊಡಗಿದ ಮೇಲೆ ಅದೇ ಡಬ್ಬಿಗೆ ಕಟ್ಟಿಗೆ ಅಡ್ಡೆಯ ಪುಡಿಯನ್ನು ತುಂಬುವುದೂ ಉಂಟು.