ಕೋರಮಂಡಲ್: ಗಣಿ ಮುಚ್ಚಿದ ಊರಿನಲ್ಲಿ ಯಾವ ಪದವಿಗೆ ಎಷ್ಟು ಬೆಲೆ?

ಕೋಲಾರ ಚಿನ್ನದ ಗಣಿ ಪ್ರದೇಶದ ಬಡಾವಣೆಗಳಲ್ಲಿ ಕೋರಮಂಡಲ್ ಒಂದು. ಬಂಗಾರಪೇಟೆ–ಮಾರಿಕುಪ್ಪಂ ರೈಲು ಮಾರ್ಗದಲ್ಲಿ ಇದೇ ಹೆಸರಿನ ನಿಲ್ದಾಣವಿದೆ. ಭಾರತ್ ಗೋಲ್ಡ್ ಮೈನ್ಸ್ ಸಂಸ್ಥೆಯ ಗಣಿಗಳು 2001ರ ಫೆಬ್ರುವರಿ 28ರಂದು ಮುಚ್ಚಿದ ಬಳಿಕ ಊರಿನ ಮುಖ್ಯ ಉದ್ಯೋಗದಾತನೇ ಇಲ್ಲವಾಯಿತು. ಅಂದಿನಿಂದ ಕಾಲೇಜಿನಲ್ಲಿ ಆರಿಸಿಕೊಳ್ಳುವ ವಿಷಯವೇ ಇಲ್ಲಿನ ಕುಟುಂಬಗಳ ಭವಿಷ್ಯವನ್ನು ನಿರ್ಧರಿಸುತ್ತಿದೆ.

ಗಣಿ ಎಂಜಿನಿಯರಿಂಗ್: ಕೆಜಿಎಫ್‌ನ ಸ್ಕೂಲ್ ಆಫ್ ಮೈನ್ಸ್ ಡಿಪ್ಲೊಮಾ ಶಿಕ್ಷಣಕ್ಕೆ ಹೆಸರಾಗಿದೆ. ಸ್ಥಳೀಯ ಚಿನ್ನದ ಗಣಿ ಮುಚ್ಚಿದ ಮಾತ್ರಕ್ಕೆ ಈ ವಿದ್ಯೆ ನಿರರ್ಥಕವಲ್ಲ. ರಾಯಚೂರು ಜಿಲ್ಲೆಯ ಹಟ್ಟಿ ಚಿನ್ನದ ಗಣಿ, ಬಳ್ಳಾರಿ ಜಿಲ್ಲೆಯ ಸಂಡೂರಿನ ಕಬ್ಬಿಣದ ಅದಿರು ಗಣಿಗಳು ಹಾಗೂ ಹೊರರಾಜ್ಯಗಳ ಕಲ್ಲಿದ್ದಲು ಗಣಿಗಳಲ್ಲಿ ಅವಕಾಶಗಳಿವೆ. ಆದರೆ ಊರು ಬಿಡಬೇಕಾಗುತ್ತದೆ. ಕೇವಲ ಪದವಿಯೂ ಸಾಲದು: ಗಣಿಯ ಫೋರ್‌ಮನ್ ಅಥವಾ ವ್ಯವಸ್ಥಾಪಕ ಹುದ್ದೆಗೆ ಪ್ರಾಯೋಗಿಕ ಅನುಭವ ಮತ್ತು ಗಣಿ ಸುರಕ್ಷತಾ ಮಹಾನಿರ್ದೇಶನಾಲಯದ ಅರ್ಹತಾ ಪ್ರಮಾಣಪತ್ರ ಅಗತ್ಯ.

ಮೆಕ್ಯಾನಿಕಲ್, ಎಲೆಕ್ಟ್ರಿಕಲ್: ಹಲವು ಉದ್ದಿಮೆಗಳಿಗೆ ಒಗ್ಗುವುದೇ ಈ ವಿಷಯಗಳ ಬಲ. 1964ರಲ್ಲಿ ಸ್ಥಾಪನೆಯಾದ ಬಿಇಎಂಎಲ್ ಸಂಸ್ಥೆಯ ಕಾರ್ಖಾನೆ ಕೆಜಿಎಫ್‌ನಲ್ಲಿದೆ. ಕೋಲಾರ ತಾಲ್ಲೂಕಿನ ನರಸಾಪುರದಲ್ಲಿ 2013ರಲ್ಲಿ ಹೋಂಡಾ ದ್ವಿಚಕ್ರ ವಾಹನ ಘಟಕ ಆರಂಭವಾಯಿತು. ಐಟಿಐ ಮುಗಿಸಿದವರು ಅಪ್ರೆಂಟಿಸ್ ತರಬೇತಿ ಪಡೆಯಬಹುದು. ಡಿಪ್ಲೊಮಾ ಪಡೆದವರು ಡಿಸಿಇಟಿ ಮೂಲಕ ಬಿ.ಇ. ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು.

ಕಂಪ್ಯೂಟರ್ ವಿಜ್ಞಾನ: ಇದರ ಮಾರುಕಟ್ಟೆ ಸುಮಾರು 100 ಕಿ.ಮೀ. ದೂರದ ಬೆಂಗಳೂರು. ನಿತ್ಯ ರೈಲು ಪ್ರಯಾಣದ ಸಮಯ, ಇಲ್ಲವೇ ನಗರದ ಬಾಡಿಗೆಯನ್ನು ಮೊದಲ ಸಂಬಳದೊಂದಿಗೆ ತೂಗಿ ನೋಡುವುದು ಲೇಸು.

ವಾಣಿಜ್ಯ: ಪ್ರತಿ ಪಟ್ಟಣದ ಅಂಗಡಿ, ಸಹಕಾರ ಸಂಘ, ಲೆಕ್ಕಪರಿಶೋಧಕರ ಕಚೇರಿಗೂ ಲೆಕ್ಕ ಬಲ್ಲವರು ಬೇಕು. 2017ರಲ್ಲಿ ಜಿಎಸ್‌ಟಿ ಜಾರಿಯಾದ ಮೇಲೆ ಬಿ.ಕಾಂ. ಜೊತೆಗೆ ತೆರಿಗೆ ವಿವರ ಸಲ್ಲಿಕೆಯ ಪರಿಣತಿಯೂ ಮುಖ್ಯವಾಗಿದೆ.

ಕಲೆ, ವಿಜ್ಞಾನ: ಬಿ.ಎ., ಬಿ.ಎಸ್ಸಿ. ಪದವಿಗಳ ಬೆಲೆ ಮುಂದಿನ ಹೆಜ್ಜೆಯನ್ನು ಅವಲಂಬಿಸಿದೆ. ಬಿ.ಇಡಿ. ಮಾಡಿದವರಿಗೆ ಶಿಕ್ಷಕ ವೃತ್ತಿಯ ದಾರಿ ತೆರೆಯುತ್ತದೆ. ಇತರರು ಸ್ಪರ್ಧಾತ್ಮಕ ಪರೀಕ್ಷೆಗಳನ್ನು ಬರೆಯಬಹುದು. ಕೆಪಿಎಸ್‌ಸಿಯ ಹಲವು ನೇಮಕಾತಿಗಳಲ್ಲಿ ಕನ್ನಡ ಭಾಷಾ ಪರೀಕ್ಷೆ ಕಡ್ಡಾಯ. ತಮಿಳು, ತೆಲುಗು ಮನೆಮಾತಿನವರು ಹೆಚ್ಚಿರುವ ಈ ಭಾಗದಲ್ಲಿ ಕನ್ನಡ ಕಲಿಕೆಯನ್ನು ಪದವಿಯಷ್ಟೇ ಗಂಭೀರವಾಗಿ ಪರಿಗಣಿಸಬೇಕು.

ಒಂದೇ ಸಂಸ್ಥೆಯನ್ನು ನಂಬಿದ ವಿದ್ಯೆ ಆ ಸಂಸ್ಥೆಯೊಂದಿಗೇ ಮುಳುಗಬಹುದು. ಆದ್ದರಿಂದ ವಿಷಯ ಆರಿಸುವ ಮುನ್ನ ಮೂರು ಸಂಗತಿಗಳನ್ನು ಖಚಿತಪಡಿಸಿಕೊಳ್ಳಬೇಕು: ಆ ವಿದ್ಯೆ ಎಷ್ಟು ಬಗೆಯ ಉದ್ದಿಮೆಗಳಿಗೆ ಒಗ್ಗುತ್ತದೆ, ಪದವಿಯ ಮೇಲೆ ಇನ್ನಾವ ಪ್ರಮಾಣಪತ್ರ ಬೇಕು, ಕೆಲಸ ಯಾವ ಊರಿನಲ್ಲಿ ಸಿಗುತ್ತದೆ.